ಟೋಕಿಯೋ ಸಂತೆಯಲ್ಲಿ ‘ಅಸಲಿ’ ಹಿರೋಶಿಗೆ ಚಿತ್ರ ಕೊಳ್ಳುವ ಮುಂಚೆ ಇದನ್ನು ಓದಿ

68,000 ಯೆನ್. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 40 ಸಾವಿರ. ಹತ್ತೊಂಬತ್ತನೇ ಶತಮಾನದ ಜಪಾನಿ ಚಿತ್ರಕಾರ ಹಿರೋಶಿಗೆಯ ಮರದಚ್ಚಿನ ಚಿತ್ರ ಅಂತ ಅಷ್ಟು ಕೊಟ್ಟು ನಾನು ಮೋಸ ಹೋದೆ, ಅದೂ ಎಲ್ಲಾ ಪರೀಕ್ಷೆ ಮಾಡಿ, ಕಣ್ಣು ಬಿಟ್ಟುಕೊಂಡೇ.

ನನ್ನ ಆಫೀಸು ಶಿನಾಗಾವಾ ಹತ್ತಿರ. ರೈಲು ದಿನಾ ತಕನಾವಾ ದಾಟಿಕೊಂಡೇ ಹೋಗುತ್ತದೆ. ಈಗ ಅಲ್ಲಿ ಬರೀ ಗಾಜಿನ ಕಟ್ಟಡಗಳು, ಆದರೆ ಟೋಕಿಯೋಗೆ ಇನ್ನೂ ಎಡೋ ಅಂತ ಹೆಸರಿದ್ದಾಗ ಸಮುದ್ರ ಅಲ್ಲೇ ರಸ್ತೆ ಪಕ್ಕದವರೆಗೂ ಇತ್ತು. ಹಿರೋಶಿಗೆ 1857ರಲ್ಲಿ ‘ಎಡೋದ ನೂರು ಪ್ರಸಿದ್ಧ ನೋಟಗಳು’ ಅನ್ನೋ ಸರಣಿಯಲ್ಲಿ ಮಾಡಿದ ‘ತಕನಾವಾ ಉಶಿಮಾಚಿ’ ಚಿತ್ರ ಆ ಜಾಗದ್ದೇ. ಉಶಿಮಾಚಿ ಅಂದರೆ ಎತ್ತಿನ ಪೇಟೆ. ಕಣ್ಣೆದುರಿಗೇ ದೊಡ್ಡ ಗಾಡಿ ಚಕ್ರ, ನೆಲದ ಮೇಲೆ ತಿಂದು ಬಿಸಾಕಿದ ಕಲ್ಲಂಗಡಿ ಸಿಪ್ಪೆ, ಹುಲ್ಲಿನ ಚಪ್ಪಲಿ ಎಳೆದಾಡುತ್ತಿರುವ ನಾಯಿಮರಿ, ಆಚೆ ಕೊಲ್ಲಿ, ಹಾಯಿದೋಣಿಗಳು, ಕಾಮನಬಿಲ್ಲು. ಒಂದು ದೇವಸ್ಥಾನದ ಅಂಗಳದ ಹಳೇ ಸಾಮಾನಿನ ಸಂತೆಯಲ್ಲಿ ಇದು ಕಂಡಾಗ ನನಗೆ ತಡೆಯೋಕೆ ಆಗಲಿಲ್ಲ.

ಸುಮ್ನೆ ಕೊಳ್ಳಲಿಲ್ಲ ಮಾರಾಯ್ರೇ! ಭೂತಗನ್ನಡಿ ಹಿಡಿದು ನೋಡಿದೆ, ಮೆಷಿನ್ ಪ್ರಿಂಟಿನ ಚುಕ್ಕೆಗಳಿರಲಿಲ್ಲ. ಹಿಂದೆ ತಿರುಗಿಸಿದೆ, ಬಣ್ಣ ಕಾಗದದೊಳಗೆ ಇಳಿದು ಹಿಂಬದಿಗೂ ಕಾಣುತ್ತಿತ್ತು, ಕೈಯಲ್ಲಿ ಉಜ್ಜಿ ಅಚ್ಚು ಹಾಕಿದ ಸುತ್ತು ಗುರುತೂ ಇತ್ತು. ‘ಹೊನ್ಮೊನೊ ನೊ ಮೊಕುಹಾಂಗಾ’ ಅಂದ ಅಂಗಡಿಯವನು. ಅಸಲಿ ಮರದಚ್ಚಿನ ಚಿತ್ರ ಅಂತ. ದುಡ್ಡು ಎಣಿಸಿಕೊಟ್ಟೆ.

ಎರಡು ವಾರ ಆದ ಮೇಲೆ ಹಳೇ ಪುಸ್ತಕದಂಗಡಿಗಳ ಪೇಟೆ ಜಿಂಬೊಚೊದಲ್ಲಿ ಹಳೇ ಚಿತ್ರ ಮಾರುವ ಅಜ್ಜನೊಬ್ಬರಿಗೆ ತೋರಿಸಿದೆ, ನಿಜ ಹೇಳಬೇಕೆಂದರೆ ಹೊಗಳಿಸಿಕೊಳ್ಳೋಕೆ ಹೋಗಿದ್ದೆ. ಅವರು ಮೊದಲು ಮೌಂಟ್, ಅಂದರೆ ಚಿತ್ರದ ಅಂಚು ಮುಚ್ಚಿದ್ದ ರಟ್ಟಿನ ಚೌಕಟ್ಟು, ಬಿಚ್ಚಿದರು. ಸುತ್ತ ಅಂಚನ್ನೆಲ್ಲ ಕತ್ತರಿಸಿಬಿಟ್ಟಿದ್ದರು. ಈ ಸರಣಿಯ ಚಿತ್ರಗಳಲ್ಲಿ ಪ್ರಕಾಶಕರ ಮುದ್ರೆ, ಸೆನ್ಸಾರ್ ಮುದ್ರೆ ಇರೋದು ಆ ಅಂಚಿನಲ್ಲೇ, ಮರುಮುದ್ರಣ ಮಾಡಿದವರು ತಮ್ಮ ಹೆಸರು ಹಾಕೋದೂ ಸಾಮಾನ್ಯವಾಗಿ ಅಲ್ಲೇ. ಆಮೇಲೆ ಮ್ಯೂಸಿಯಂ ಪ್ರತಿಯ ಫೋಟೊ ತೆಗೆದು ಪಕ್ಕದಲ್ಲಿಟ್ಟರು. ಚಕ್ರದ ಅಂಚು, ನಾಯಿಯ ಬಾಲ, ಅಕ್ಷರಗಳ ತಿರುವು, ಒಂದೂ ಕೂದಲೆಳೆಯಷ್ಟು ಸರಿಯಾಗಿ ಹೊಂದಲಿಲ್ಲ. ಅಂದರೆ ಅಚ್ಚು ಹಾಕಿದ ಮರದ ಹಲಗೆಯೇ ಬೇರೆ. ‘ಫುಕ್ಕೊಕು’ ಅಂದರು. ಹಳೇ ಚಿತ್ರ ನೋಡಿಕೊಂಡು ಹೊಸ ಹಲಗೆಯಲ್ಲಿ ಮತ್ತೆ ಕೆತ್ತಿ ಹಾಕಿದ ಅಚ್ಚು. ಅಂಥದ್ದೇ ಇನ್ನೊಂದು ಅವರ ಡಬ್ಬದಲ್ಲಿತ್ತು, 6,000 ಯೆನ್ ಚೀಟಿ ಅಂಟಿಸಿಕೊಂಡು.

ನಾನು ಎಡವಿದ್ದು ಇಲ್ಲೇ. ನಾನು ಮಾಡಿದ ಪರೀಕ್ಷೆಗಳೆಲ್ಲ ಇದು ಮೆಷಿನ್ನಿನದಾ ಕೈಯದಾ ಅಂತ ಹೇಳುತ್ತವೆಯೇ ಹೊರತು, ಯಾವ ಕಾಲದ್ದು ಅಂತ ಹೇಳೋದಿಲ್ಲ. ಫುಕ್ಕೊಕು ಕೂಡ ಕೈಯಲ್ಲೇ ಕೆತ್ತಿ, ಕೈಯಲ್ಲೇ ಉಜ್ಜಿ ಮಾಡಿದ್ದು, ಒಳ್ಳೇ ಕೆಲಸವೇ. ಅದನ್ನು ಅದರ ಹೆಸರಲ್ಲೇ ಮಾರಿದರೆ ನನಗೇನೂ ತಕರಾರಿಲ್ಲ. ಹಿರೋಶಿಗೆ ಕಾಲದ ಹಲಗೆಯಿಂದಲೇ ಆಮೇಲೆ ತೆಗೆದ ಪ್ರತಿಗೆ ‘ಅತೊಜುರಿ’ ಅನ್ನುತ್ತಾರೆ, ಅದರ ಲೆಕ್ಕವೇ ಬೇರೆ. ನನಗೆ ಈ ಎರಡು ಮಾತೂ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಸಂತೆಗೆ ಹೋಗಿ ಕೇಳಿದೆ. ಅಂಗಡಿಯವನು ತಲೆ ಬಾಗಿಸಿ, ಬಲು ವಿನಯವಾಗಿ, ‘ಮರದಚ್ಚು ಅಂದೆ, ಎಡೋ ಕಾಲದ್ದು ಅಂತ ನಾನು ಹೇಳಲೇ ಇಲ್ಲವಲ್ಲ’ ಅಂದ. ರಸೀದಿ ತೆಗೆದು ನೋಡಿದೆ. ‘ಮೊಕುಹಾಂಗಾ, ಒಂದು ಹಾಳೆ’ ಅಂತಷ್ಟೇ ಇತ್ತು. ಏನು ಜಗಳ ಆಡಲಿ?

ನೀವು ಹೋದರೆ ಮೊದಲು ಮೌಂಟ್ ಬಿಚ್ಚಿ ಅಂಚು ತೋರಿಸಿ ಅನ್ನಿ. ಫೋನಲ್ಲಿ ಮ್ಯೂಸಿಯಂ ಪ್ರತಿ ತೆಗೆದು ಗೆರೆಗೆ ಗೆರೆ ಹೋಲಿಸಿ. ಬ್ರೂಕ್ಲಿನ್ ಮ್ಯೂಸಿಯಂನವರು ಇಡೀ ಸರಣಿಯನ್ನೇ ನೆಟ್ಟಿಗೆ ಹಾಕಿದ್ದಾರೆ. ಆಮೇಲೆ ‘ಎಡೋ ಜಿದಾಯ್ ನೊ ಸುರಿ ದೆಸ್ ಕಾ’ ಅಂತ ಕೇಳಿ, ಎಡೋ ಕಾಲದ ಅಚ್ಚೇನಾ ಅಂತ. ಹೌದು ಅಂದರೆ ಅದನ್ನೇ ರಸೀದಿಯಲ್ಲಿ ಬರೆದುಕೊಡಿ ಅನ್ನಿ. ಪೆನ್ನು ತೆಗೆಯೋಕೆ ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿಗೆ ಹೋಗಿ.