‘ನಿಮ್ಮ ಅಳತೆಗೆ ಕೆತ್ತಿದ ಸರ್ಫ್‌ಬೋರ್ಡ್’ ಅಂತ ಮುಂಗಡ ಕೇಳಿದರೆ ಸ್ವಲ್ಪ ತಡೆಯಿರಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯಿಂದ ಶನಿವಾರ ಬಂತೆಂದರೆ ಘಾಟಿ ಇಳಿದು ಮುಲ್ಕಿ, ಸಸಿಹಿತ್ಲು, ಕಾಪು ಅಂತ ಸರ್ಫಿಂಗ್‌ಗೆ ಹೋಗುವವರು ಈಗ ಕಮ್ಮಿ ಏನಿಲ್ಲ. ಸ್ವಲ್ಪ ದಿನ ಬಾಡಿಗೆ ಬೋರ್ಡಿನಲ್ಲಿ ಆಡಿದ ಮೇಲೆ ಸ್ವಂತದ್ದು ಬೇಕು ಅನ್ನಿಸುತ್ತದೆ. ಅನ್ನಿಸಿದ ಮರುದಿನವೇ ಫೋನಿಗೆ ಜಾಹೀರಾತು ಬರುತ್ತದೆ. ನಿಮ್ಮ ತೂಕಕ್ಕೆ, ನಿಮ್ಮ ಅಲೆಗೆ ಕೈಯಲ್ಲೇ ಕೆತ್ತಿದ ಬೋರ್ಡ್, ಮೇಲೆ ನಿಮ್ಮದೇ ಹೆಸರು! ಅಂಥ ಒಂದು ಅಂಗಡಿಗೆ ನಾನು ದುಡ್ಡು ಕೊಟ್ಟೆ. ಬಂದದ್ದು ಅಚ್ಚಿನಲ್ಲಿ ತೆಗೆದ ಕಾರ್ಖಾನೆ ಬೋರ್ಡು. ಬೆಲೆ ಮಾತ್ರ ಕೈಕೆಲಸದ್ದು.

ದೂರು ಕೊಟ್ಟಾಗಿದೆ, ಹಾಗಾಗಿ ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಮೆಸೇಜ್ ಮಾಡಿ ಕೇಳಲೂ ಬೇಡಿ. ಇದೇ ಆಟ ಆಡುವವರು ಒಬ್ಬರೇ ಇರಲಿಕ್ಕಿಲ್ಲ, ಆದ್ದರಿಂದ ಹೆಸರಿಗಿಂತ ಆಟ ಗೊತ್ತಿರುವುದು ಒಳ್ಳೆಯದು.

ಮೊದಲೇ ಒಂದು ಮಾತು. ಕಾರ್ಖಾನೆ ಬೋರ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಲಿಯುವವರಿಗೆ ಅದೇ ಸರಿ. ಮೇಲೆ ಮೆತ್ತಗಿನ ಫೋಮ್ ಇರುವ ಎಂಟು ಅಡಿಯ ಸಾಫ್ಟ್ ಟಾಪ್ ತಗೊಳ್ಳಿ. ತಲೆಗೆ ಬಡಿದರೂ ದೊಡ್ಡ ಪೆಟ್ಟಾಗುವುದು ಕಮ್ಮಿ, ತೇಲುತ್ತದೆ, ಎಸೆದಾಡಿದರೂ ತಡೆಯುತ್ತದೆ. ದೊಡ್ಡ ದೊಡ್ಡ ಬ್ರಾಂಡಿನವರೂ ಕಾರ್ಖಾನೆಯಲ್ಲೇ ಮಾಡಿಸುತ್ತಾರೆ. ಥಾಯ್ಲೆಂಡಿನ ಕೋಬ್ರಾ ಇಂಟರ್‌ನ್ಯಾಷನಲ್ ಅನ್ನುವ ಒಂದೇ ಕಾರ್ಖಾನೆ ಎಷ್ಟೋ ಬ್ರಾಂಡುಗಳಿಗೆ ಬೋರ್ಡ್ ಮಾಡಿಕೊಡುತ್ತದೆ, ಕೆಲಸವೂ ಚೆನ್ನಾಗಿರುತ್ತದೆ. ಅವರು ಅದನ್ನು ಮುಚ್ಚಿಡುವುದೂ ಇಲ್ಲ. ನನ್ನ ತಕರಾರು ಇರುವುದು ಕಾರ್ಖಾನೆ ಮಾಲಿಗೆ ಸ್ಟಿಕ್ಕರ್ ಅಂಟಿಸಿ, ಇದನ್ನು ಒಬ್ಬ ಶೇಪರ್, ಅಂದರೆ ಬೋರ್ಡ್ ಕೆತ್ತುವವರು, ನಿಮಗೋಸ್ಕರ ಕೆತ್ತಿದ್ದು ಅಂತ ಮಾರುವವರ ಬಗ್ಗೆ.

ಆರ್ಡರ್ ಕೊಟ್ಟ ದಿನ ಫೋನಿನಲ್ಲಿ ಅವರು ಕೇಳಿದ್ದು ಉದ್ದ ಎಷ್ಟು, ಬಣ್ಣ ಯಾವುದು, ಹೆಸರಿನ ಸ್ಪೆಲ್ಲಿಂಗ್ ಏನು, ಇಷ್ಟೇ. ನನ್ನ ತೂಕ ನಾನಾಗಿ ಹೇಳಿದೆ. "ಓಕೆ ಸರ್, ಬರ್ಕೊಂಡೆ" ಅಂದರು. ನಮ್ಮ ಹಾಸನದಲ್ಲಿ ಕಾಲು ಕೆಜಿ ಕಾಫಿ ಪುಡಿ ತರಲು ಹೋದರೂ ಅಂಗಡಿಯವರು ಪೀಬೆರಿನಾ, ಚಿಕೋರಿ ಎಷ್ಟು ಹಾಕಲಿ, ಫಿಲ್ಟರಿಗೆ ತಾನೇ ಅಂತೆಲ್ಲ ಕೇಳಿಯೇ ಪುಡಿ ಮಾಡುವುದು. ಅರ್ಧ ಲಕ್ಷದ ಹತ್ತಿರ ಬೆಲೆಯ ಬೋರ್ಡಿಗೆ ಅಷ್ಟೂ ಕೇಳಲಿಲ್ಲ.

ನಿಜವಾದ ಶೇಪರ್ ತಲೆ ತಿನ್ನುವಷ್ಟು ಕೇಳುತ್ತಾರೆ. ತೂಕ ಎಷ್ಟು, ಎತ್ತರ ಎಷ್ಟು, ಎಷ್ಟು ಕಾಲದಿಂದ ಆಡುತ್ತಿದ್ದೀರಿ, ಈಗ ಯಾವ ಬೋರ್ಡ್, ಅದರಲ್ಲಿ ಏನು ಸರಿಯಿಲ್ಲ, ಯಾವ ಕಡಲಿನಲ್ಲಿ, ಯಾವ ತಿಂಗಳಲ್ಲಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಹೆಚ್ಚಾಗಿ ಅಲೆ ಸಣ್ಣದು, ಮೆತ್ತಗಿನದು. ಅದಕ್ಕೆ ಅಗಲ ಜಾಸ್ತಿ ಇರುವ, ಮೂತಿ ಕಡೆ ಬಾಗು ಕಮ್ಮಿ ಇರುವ, ದಪ್ಪ ಚೆನ್ನಾಗಿರುವ ಬೋರ್ಡ್ ಬೇಕು. ಆ ಬಾಗಿಗೆ ರಾಕರ್ ಅನ್ನುತ್ತಾರೆ. ಫೋಟೋದಲ್ಲಿ ಚೆಂದ ಕಾಣುವ ಚೂಪು ಮೂತಿಯ ತೆಳು ಬೋರ್ಡ್ ಆ ಅಲೆಗೆ ಏಳುವುದೇ ಇಲ್ಲ. ಇನ್ನೊಂದು ಲೀಟರ್ ಲೆಕ್ಕ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ, ಎಷ್ಟು ತೇಲುತ್ತದೆ ಅನ್ನುವುದಕ್ಕೆ. ಕಲಿಯುವ ಹಂತದಲ್ಲಿ ನಿಮ್ಮ ತೂಕ ಎಷ್ಟು ಕೆಜಿಯೋ ಕಮ್ಮಿ ಅಂದರೂ ಅಷ್ಟು ಲೀಟರ್ ಇರಲಿ ಅನ್ನುವುದು ಸಾಮಾನ್ಯ ಲೆಕ್ಕ. ನನ್ನ ಬಿಲ್ಲಿನಲ್ಲಿ ಲೀಟರ್ ಅಂತ ಒಂದು ಅಕ್ಷರವೂ ಇರಲಿಲ್ಲ.

ಪಾರ್ಸೆಲ್ ಬಿ.ಎಂ. ರಸ್ತೆಯ ಲಾರಿ ಆಫೀಸಿಗೆ ಬಂತು. ಬೋರ್ಡ್ ನೋಡಲು ಚೆಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ತುದಿಯಿಂದ ತುದಿಗೆ ನೀಲಿ ಪೇಂಟು, ಮಧ್ಯೆ ನನ್ನ ಹೆಸರು. ನೀರಿಗೆ ಇಳಿಸಿದರೆ ಎದೆ ಹತ್ತಿರ ಮುಳುಗುತ್ತದೆ, ಕೈ ಎಷ್ಟು ಹಾಕಿದರೂ ಅಲೆ ಮುಂದೆ ಹೋಗಿಬಿಡುತ್ತದೆ. ಅಂಗಡಿಗೆ ಫೋನ್ ಮಾಡಿದರೆ, "ಹೊಸ ಬೋರ್ಡ್ ಅಲ್ವಾ ಸರ್, ಅಭ್ಯಾಸ ಆಗುತ್ತೆ."

ಬಣ್ಣ ಬಯಲಾದದ್ದು ಸಸಿಹಿತ್ಲಿನಲ್ಲಿ. ಬೆಂಗಳೂರಿನ ಒಬ್ಬ ಹುಡುಗಿ ಹಳದಿ ಬೋರ್ಡ್ ಹಿಡಿದು ನಿಂತಿದ್ದಳು, ಮೇಲೆ ಅವಳ ಹೆಸರು, ಅದೇ ಅಕ್ಷರದ ಶೈಲಿ. ಅದೇ ಅಂಗಡಿ, ಅದೇ ‘ನಿಮ್ಮ ಅಳತೆಗೆ’. ಎರಡನ್ನೂ ಮರಳಿನ ಮೇಲೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಇಟ್ಟೆವು. ಮೂತಿ, ಅಂಚು, ಬಾಲ ಎಲ್ಲೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಫಿನ್, ಅಂದರೆ ಬೋರ್ಡಿನ ಅಡಿಯಲ್ಲಿ ಸಿಕ್ಕಿಸುವ ಮೀನಿನ ರೆಕ್ಕೆಯಂಥ ತುಂಡು, ಅದನ್ನು ಕೂರಿಸುವ ತೂತುಗಳೂ ಒಂದಕ್ಕೊಂದು ಕೂತವು. ಅವಳ ತೂಕ ಐವತ್ತರ ಆಸುಪಾಸು, ನಾನು ಎಂಬತ್ತು ದಾಟಿದವನು. ಇಬ್ಬರ ಅಳತೆಗೂ ಒಂದೇ ಬೋರ್ಡ್ ಕೆತ್ತಿದ ಪುಣ್ಯಾತ್ಮ ಯಾರೋ!

ಅಲ್ಲೇ ಹತ್ತಿರ ಬೋರ್ಡ್ ರಿಪೇರಿ ಮಾಡುವವರೊಬ್ಬರಿದ್ದರು. ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ, "ಇದು ಕೆತ್ತಿದ್ದಲ್ಲ ಮಾರಾಯ್ರೇ, ಅಚ್ಚಿನಲ್ಲಿ ತೆಗೆದದ್ದು. ಪೆನ್ಸಿಲ್ ಎಲ್ಲಿ ಉಂಟು ಹೇಳಿ" ಅಂದರು. ಆಮೇಲೆ ತಮ್ಮ ಹಳೆಯ ಬೋರ್ಡ್ ತಂದು ತೋರಿಸಿದರು. ಮಧ್ಯದಲ್ಲಿ ಉದ್ದಕ್ಕೂ ಒಂದು ತೆಳ್ಳನೆ ಮರದ ಪಟ್ಟಿ ಇರುತ್ತದೆ, ಸ್ಟ್ರಿಂಗರ್ ಅನ್ನುತ್ತಾರೆ. ಅದರ ಪಕ್ಕ ಫೋಮಿನ ಮೇಲೆ ಶೇಪರ್ ಪೆನ್ಸಿಲಿನಲ್ಲಿ ಉದ್ದ, ಅಗಲ, ದಪ್ಪ, ಮಾಡಿಸಿದವರ ಹೆಸರು ಬರೆದು ಸಹಿ ಹಾಕಿದ್ದಾರೆ. ಅದರ ಮೇಲೆ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ನಾರಿನ ಬಟ್ಟೆ, ಮತ್ತೆ ಅದನ್ನು ಅಂಟಿಸಿ ಗಟ್ಟಿ ಮಾಡುವ ರೆಸಿನ್. ಅಂದರೆ ಬರಹ ಗಾಜಿನ ಪದರದ ಒಳಗಿದೆ, ಉಗುರಲ್ಲಿ ಕೆರೆದರೂ ಕೈಗೆ ಸಿಗುವುದಿಲ್ಲ. ನನ್ನ ಹೆಸರು ಮೇಲಿನ ಸ್ಟಿಕ್ಕರ್. ಮೂಲೆ ಆಗಲೇ ಎದ್ದಿತ್ತು.

ಇಡೀ ಮೈಗೆ ಪೇಂಟ್ ಹೊಡೆದಿದ್ದರೆ ಒಳಗೆ ಪಟ್ಟಿ ಇದೆಯೋ ಇಲ್ಲವೋ ಕಾಣುವುದಿಲ್ಲ. ಒಳ್ಳೆಯ ಶೇಪರ್‌ಗಳೂ ಬಣ್ಣ ಹಾಕುತ್ತಾರೆ, ಹಾಗಾಗಿ ಬಣ್ಣ ಇದ್ದ ಮಾತ್ರಕ್ಕೆ ಮೋಸ ಅನ್ನಲಾಗದು. ಅದಕ್ಕೇ ಕೆಲಸ ನಡೆಯುವಾಗಿನ ಫೋಟೋ ಕೇಳಬೇಕು. ಗ್ಲಾಸ್ ಹಾಕುವ ಮೊದಲು ಬಿಳಿ ಫೋಮು ಸ್ಟ್ಯಾಂಡಿನ ಮೇಲಿರುವಾಗ, ನಿಮ್ಮ ಅಳತೆ ಬರೆದದ್ದು ಕಾಣುವ ಹಾಗೆ. ಇವತ್ತು ಹೆಚ್ಚಿನವರು ಮೊದಲ ಕೆತ್ತನೆಯನ್ನು ಕಂಪ್ಯೂಟರ್ ಮೆಷಿನ್ನಿನಲ್ಲಿ ಮಾಡಿಸಿ, ಆಮೇಲೆ ಕೈಯಲ್ಲಿ ಉಜ್ಜಿ ಸರಿ ಮಾಡುತ್ತಾರೆ. ಅದು ತಪ್ಪಲ್ಲ, ಅಳತೆ ನಿಮ್ಮದೇ ಆಗಿದ್ದರೆ ಸಾಕು. ಫೋಟೋ ಕೇಳಿದ ತಕ್ಷಣ ಶೇಪರ್ ಖುಷಿಯಿಂದ ಕಳಿಸುತ್ತಾರೆ. ನನ್ನ ಅಂಗಡಿಯವರು "ಅದು ನಮ್ಮ ಕಂಪನಿ ಪಾಲಿಸಿ ಅಲ್ಲ ಸರ್" ಅಂದಿದ್ದರು.

ಈಗ ನಮ್ಮಂಥ ಘಟ್ಟದ ಮೇಲಿನವರು ಗಮನವಿಟ್ಟು ಓದಬೇಕಾದ ಭಾಗ.

ಬೋರ್ಡಿನ ಒಳಗಿನ ಫೋಮಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಿಯು, ಅಂದರೆ ಪಾಲಿಯುರೆಥೇನ್, ಹಳೆಯ ಕಾಲದಿಂದ ಬಂದದ್ದು. ಇನ್ನೊಂದು ಇಪಿಎಸ್, ನಮ್ಮ ಥರ್ಮೋಕೋಲೇ, ಸ್ವಲ್ಪ ಗಟ್ಟಿ. ಅಮೆರಿಕದಲ್ಲಿ ಶೇಪರ್‌ಗಳಿಗೆ ಬೇಕಾದ ಪಿಯು ಫೋಮಿನಲ್ಲಿ ಬಹುಪಾಲು ಒಂದೇ ಕಡೆಯಿಂದ ಬರುತ್ತಿತ್ತು, ಕ್ಲಾರ್ಕ್ ಫೋಮ್ ಅಂತ. 2005ರ ಡಿಸೆಂಬರ್ 5ರಂದು ಅದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಶೇಪರ್‌ಗಳು ಫೋಮಿಗೆ ಪರದಾಡಿದರು. ಆಮೇಲೆ ಇಪಿಎಸ್ ಮತ್ತು ಎಪಾಕ್ಸಿ ರೆಸಿನ್ನಿನ ಬೋರ್ಡ್‌ಗಳಿಗೆ, ಏಷ್ಯಾದ ಕಾರ್ಖಾನೆಗಳಿಗೆ ಜಾಗ ಇನ್ನೂ ಜಾಸ್ತಿ ಸಿಕ್ಕಿತು. ಇವತ್ತು ಆನ್‌ಲೈನಿನಲ್ಲಿ ಎಪಾಕ್ಸಿ ಬೋರ್ಡ್ ರಾಶಿ ರಾಶಿ ಕಾಣುವುದಕ್ಕೆ ಅದೂ ಒಂದು ಕಾರಣ.

ಇಪಿಎಸ್ ಹಗುರ, ಒಳ್ಳೆಯದೇ. ಆದರೆ ಅದರ ಮಣಿಗಳ ನಡುವೆ ಗಾಳಿ ಇರುತ್ತದೆ. ಬಿಸಿಯಾದರೆ ಆ ಗಾಳಿ ಹಿಗ್ಗುತ್ತದೆ. ಎತ್ತರಕ್ಕೆ ಹೋದರೂ ಹಾಗೇ, ಹೊರಗಿನ ಒತ್ತಡ ಕಮ್ಮಿಯಾಗುವುದರಿಂದ. ಅದು ಹೊರಗೆ ಹೋಗಲು ಬೋರ್ಡಿನ ಮೇಲೆ ವೆಂಟ್ ಅಂತ ಸಣ್ಣ ಬಿರಡೆ ಇಡುತ್ತಾರೆ. ಕೆಲವದರಲ್ಲಿ ಸ್ಕ್ರೂ ತೆಗೆದು ಹಾಕಬೇಕು, ಕೆಲವು ತಾವೇ ಉಸಿರಾಡುತ್ತವೆ. ಕಡಲ ದಂಡೆಯಲ್ಲೇ ಇರುವವರು ಇದಕ್ಕೆ ಅಷ್ಟು ತಲೆಕೆಡಿಸಿಕೊಳ್ಳದಿದ್ದರೂ ನಡೆದೀತು. ನಾವು ಹಾಗಲ್ಲ. ಬೆಳಿಗ್ಗೆ ಸೊನ್ನೆ ಮೀಟರಿನಲ್ಲಿ ಆಡಿ, ಸಂಜೆ ಶಿರಾಡಿ ಹತ್ತಿ 900 ಮೀಟರಿಗಿಂತ ಮೇಲಿರುವ ಹಾಸನಕ್ಕೆ ಬೋರ್ಡ್ ತರುತ್ತೇವೆ.

ನನ್ನ ಇಪಿಎಸ್ ಬೋರ್ಡಿನಲ್ಲಿ ವೆಂಟ್ ಇರಲೇ ಇಲ್ಲ. ಇರಬೇಕಾದ ಜಾಗದಲ್ಲಿ ವೆಂಟಿನ ಚಿತ್ರ ಇತ್ತು, ಪ್ರಿಂಟ್ ಮಾಡಿದ್ದು. ಬಿಸಿಲು ತಟ್ಟದ ಬೆಳ್ಳಿ ಬಣ್ಣದ ಕವರಿನಲ್ಲಿ ಕಟ್ಟಿ, ಕಾರಿನ ಮೇಲೆ ತಂದೆ. ಹಾಸನದಲ್ಲಿ ಕವರ್ ಬಿಚ್ಚಿದರೆ ಕಾಲಿಡುವ ಜಾಗದಲ್ಲಿ ಅಂಗೈ ಅಗಲದ ಉಬ್ಬು. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಟಪ್ ಅಂತ ಮೇಲೆ ಬರುತ್ತದೆ. ಮೇಲಿನ ಚರ್ಮ ಫೋಮಿನಿಂದ ಬಿಟ್ಟುಕೊಂಡಿತ್ತು. ಆಮೇಲೆ ಫಿನ್ ಬುಡದಲ್ಲಿ ಬಿರುಕು, ಅಲ್ಲಿಂದ ನೀರು. ಗೆಳೆಯನ ಅಂಗಡಿಯಲ್ಲಿ ಮೆಣಸಿನ ಮೂಟೆ ತೂಗುವ ತಕ್ಕಡಿ ಇದೆ, ಅದರ ಮೇಲಿಟ್ಟೆವು. ಕವರ್, ಫಿನ್ ಎಲ್ಲ ತೆಗೆದರೂ ಲಾರಿ ರಸೀದಿಯಲ್ಲಿದ್ದ ತೂಕಕ್ಕಿಂತ ಜಾಸ್ತಿ. ಆ ರಸೀದಿಯ ತೂಕದಲ್ಲಿ ರಟ್ಟಿನ ಪೆಟ್ಟಿಗೆಯೂ ಸೇರಿತ್ತು!

ಕರಾವಳಿಯ ರಿಪೇರಿಯವರ ಹತ್ತಿರ ಈ ವಿಷಯ ಹೇಳಿದಾಗ ಅವರ ಮೊದಲ ಪ್ರಶ್ನೆ, "ನೀವು ಘಟ್ಟದ ಮೇಲಿನವರು ಅಂತ ಮಾಡಿದವನಿಗೆ ಗೊತ್ತುಂಟಾ?" ಗೊತ್ತಿಲ್ಲ. ವಿಳಾಸದಲ್ಲಿ ಹಾಸನ ಅಂತ ಇತ್ತು, ಅಷ್ಟೇ. ಗೊತ್ತಿದ್ದ ಶೇಪರ್ ಆಗಿದ್ದರೆ ಪಿಯು ಹಾಕಿಸಿ, ಅಥವಾ ವೆಂಟ್ ಇಟ್ಟು ಅದನ್ನು ಯಾವಾಗ ತೆಗೆಯಬೇಕು ಅಂತ ಹೇಳಿ ಕಳಿಸುತ್ತಿದ್ದರು.

ಅಂಗಡಿಯವರು ಕೊಟ್ಟ ಪರಿಹಾರ ಇನ್ನೂ ಅಪಾಯದ್ದು. "ನಿಮ್ಮೂರಲ್ಲೇ ಫೈಬರ್ ಕೆಲಸದವರ ಹತ್ತಿರ ಪ್ಯಾಚ್ ಹಾಕಿಸಿ, ಬಿಲ್ ಕಳಿಸಿ." ದಯವಿಟ್ಟು ಹಾಗೆ ಮಾಡಬೇಡಿ. ಬಂಪರ್, ಬಸ್ಸಿನ ಬಾಡಿ ರಿಪೇರಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಸ್ಟೈರೀನ್ ಅನ್ನುವ ರಾಸಾಯನಿಕ ಇರುತ್ತದೆ, ಇಪಿಎಸ್ ಫೋಮನ್ನು ಕರಗಿಸುತ್ತದೆ. ನಾನು ಹೋದ ಫೈಬರ್ ಕೆಲಸದವರು ಪುಣ್ಯಕ್ಕೆ ಬುದ್ಧಿವಂತರು. ಬಿರುಕಿನಿಂದ ಕಡಲೆಕಾಳಿನಷ್ಟು ಫೋಮ್ ಕಿತ್ತು, ಹಲಗೆಯ ಮೇಲಿಟ್ಟು, ಒಂದು ಹನಿ ರೆಸಿನ್ ಬಿಟ್ಟರು. ಮೂಗಿಗೆ ಹೊಡೆಯುವ ವಾಸನೆ. ನೋಡುತ್ತಿದ್ದ ಹಾಗೆ ಬಿಳಿ ಫೋಮ್ ಕುಗ್ಗಿ ಅಂಟಂಟು ಲೋಳೆಯಾಯಿತು. "ನೋಡಿ ಅಣ್ಣ, ಬೋರ್ಡಿನ ಒಳಗೆ ಹೋದ್ರೆ ಟೊಳ್ಳು ಮಾಡಿಬಿಡುತ್ತೆ. ನಾನು ಹಾಕಲ್ಲ" ಅಂದರು. ದುಡ್ಡೂ ತಗೊಳ್ಳಲಿಲ್ಲ. ಇಪಿಎಸ್ ಬೋರ್ಡಿಗೆ ಎಪಾಕ್ಸಿಯೇ ಆಗಬೇಕು, ಅದೂ ಒಳಗಿನ ನೀರು ಪೂರ್ತಿ ಒಣಗಿದ ಮೇಲೆ.

ಫಿನ್ನಿನದು ಇನ್ನೊಂದು ಕಥೆ, ಚುಟುಕಾಗಿ ಹೇಳುತ್ತೇನೆ. ಹೆಚ್ಚಾಗಿ ಸಿಗುವುದು ಎಫ್‌ಸಿಎಸ್ ಮತ್ತು ಫ್ಯೂಚರ್ಸ್ ಎರಡು ಪದ್ಧತಿ, ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ. ನನ್ನದಕ್ಕೆ ಎರಡೂ ಕೂರಲಿಲ್ಲ. ಒಂದು ಫಿನ್ ಕಡಲು ಪಾಲಾದರೆ ಬೋರ್ಡ್ ಗೋಡೆಗೆ ಒರಗಿಸಬೇಕಷ್ಟೆ.

ಈಗ ಮುಂಗಡ ಕೊಡುವ ಮೊದಲು ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಫೋಮ್ ಯಾವುದು, ರೆಸಿನ್ ಯಾವುದು, ಎಷ್ಟು ಲೀಟರ್, ಗ್ಲಾಸ್ ಬಟ್ಟೆ ನಾಲ್ಕು ಔನ್ಸಿನದೋ ಆರರದೋ ಮತ್ತು ಎಷ್ಟು ಪದರ, ಫಿನ್ ಪದ್ಧತಿ ಯಾವುದು, ವೆಂಟ್ ಇದೆಯಾ, ಕೆತ್ತುವವರ ಹೆಸರೇನು. ಆ ಶೇಪರ್ ಜೊತೆ ಐದು ನಿಮಿಷ ಮಾತಾಡಿಸಿ ಅನ್ನಿ. ಇದು ದೊಡ್ಡ ಪರೀಕ್ಷೆ, ಬಹಳ ಜನ ಇಲ್ಲೇ ಜಾರುತ್ತಾರೆ. ದುಡ್ಡು ಕಂತಿನಲ್ಲಿ ಕೊಡಿ, ಫೋಮ್ ಕೆತ್ತಿದ ಫೋಟೋ ಬಂದ ಮೇಲೆ ಒಂದು ಪಾಲು. ಸಾಧ್ಯವಾದರೆ ಮೊದಲು ಅದೇ ಲೀಟರಿನ ಬೋರ್ಡ್ ಬಾಡಿಗೆಗೆ ತಗೊಂಡು ನೋಡಿ. ನಮ್ಮ ದೇಶದಲ್ಲಿ ಕೈಯಲ್ಲಿ ಕೆತ್ತುವವರು ಕಮ್ಮಿ, ಕಾಯಬೇಕಾಗುತ್ತದೆ. ‘ಹತ್ತೇ ದಿನದಲ್ಲಿ ಡೆಲಿವರಿ’ ಅಂದರೆ ಅದು ಗೋಡೌನಿನಲ್ಲಿ ಆಗಲೇ ಇರುವ ಬೋರ್ಡ್ ಅಂತಲೇ ಅನುಮಾನ ಪಡಿ.

ಮೋಸ ಆಗಿದ್ದರೆ ಸುಮ್ನೆ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಯಾವ ರಾಜ್ಯದಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟು, ಮಾತುಕತೆ, ಲಾರಿ ರಸೀದಿ ಎಲ್ಲ ಎತ್ತಿಡಿ. ಜಾಹೀರಾತನ್ನು ಅವರು ಅಳಿಸುತ್ತಾರೆ, ನನ್ನದನ್ನು ಅಳಿಸಿದರು. ನಾನು ಅಷ್ಟರಲ್ಲಿ ತೆಗೆದಿಟ್ಟುಕೊಂಡಿದ್ದೆ. ಹಳದಿ ಬೋರ್ಡಿನ ಹುಡುಗಿಯೂ ತನ್ನ ಬಿಲ್ಲು, ಎರಡೂ ಬೋರ್ಡ್ ಜೋಡಿಸಿದ ಫೋಟೋ ಕಳಿಸಿದ್ದಾಳೆ. ಅರ್ಧ ದುಡ್ಡು ವಾಪಸ್ ಕೊಡುತ್ತೇವೆ, ದೂರು ತೆಗೆಯಿರಿ ಅಂತ ಅಂಗಡಿಯವರ ಕಡೆಯಿಂದ ಫೋನ್ ಬಂದಿದೆ. ಬರಹದಲ್ಲಿ ಕಳಿಸಿ ಅಂದಿದ್ದೇನೆ, ಇನ್ನೂ ಕಳಿಸಿಲ್ಲ.

ಅಂದಹಾಗೆ, ಉಬ್ಬಿದ್ದರೂ ಪರವಾಗಿಲ್ಲ, ಆ ಬೋರ್ಡ್ ಅಗ್ಗಕ್ಕೆ ಕೊಡ್ತೀರಾ ಅಂತ ಗೆಳೆಯರ ಗುಂಪಿನಲ್ಲಿ ಆಗಲೇ ಕೇಳಿದ್ದಾರೆ. ಕೊಡುವುದಿಲ್ಲ. ಆಯೋಗದವರು ತನ್ನಿ ಅಂದರೆ ತೋರಿಸಬೇಕು.