ಲಂಡನ್ ಸುತ್ತೋಕೆ ಟ್ಯೂಬಾ, ಬಸ್ಸಾ?

ಟ್ರಫಾಲ್ಗರ್ ಚೌಕದಿಂದ ಲಂಡನ್ ಟವರ್‌ಗೆ ಹೋಗಬೇಕು ಅಂದುಕೊಳ್ಳಿ. ಹತ್ತಿರದ ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೊ ರೈಲು, ಹತ್ತಿದರೆ ಹತ್ತು-ಹನ್ನೆರಡು ನಿಮಿಷ. 15ನೇ ನಂಬರ್ ಬಸ್ಸಿಗೆ ಅದರ ಎರಡರಷ್ಟು, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಅಪ್ಪ-ಅಮ್ಮ ಬಂದಿದ್ದಾಗ ಎರಡರಲ್ಲೂ ಹೋಗಿ ನೋಡಿದೆವು. ನನ್ನ ಓಟು ಬಸ್ಸಿಗೆ.

ಅಮ್ಮನಿಗೆ ಮಂಡಿ ನೋವು. ಎಷ್ಟೋ ಟ್ಯೂಬ್ ಸ್ಟೇಷನ್ನುಗಳಲ್ಲಿ ಲಿಫ್ಟ್ ಇಲ್ಲ, ಇಳಿದಷ್ಟೂ ಮೆಟ್ಟಿಲು. ಬಸ್ಸಾದರೆ ಸ್ಟಾಪಿನಲ್ಲಿ ಫುಟ್‌ಪಾತ್ ಕಡೆಗೆ ತುಸು ಬಾಗಿ ನಿಲ್ಲುತ್ತದೆ, ಕಾಲು ಎತ್ತಿ ಹಾಕುವ ಕಷ್ಟವಿಲ್ಲ. ಅಮ್ಮ ಕೆಳಗೇ ಬಾಗಿಲ ಹತ್ತಿರ ಕೂತರು. ಅಪ್ಪ ಮಹಡಿ ಹತ್ತಿ ಮುಂದಿನ ಸೀಟು ಹಿಡಿದರು. ಫ್ಲೀಟ್ ಸ್ಟ್ರೀಟ್ ದಾಟಿ ಲಡ್‌ಗೇಟ್ ಹಿಲ್ ಏರುವಾಗ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಎದುರಿನ ಗಾಜಿನ ತುಂಬ ಬರುತ್ತದೆ. ಟ್ಯೂಬಿನಲ್ಲಿ ಇದ್ಯಾವುದೂ ಕಾಣಲ್ಲ ಅಲ್ವಾ?

ದುಡ್ಡಿನ ಲೆಕ್ಕದಲ್ಲೂ ಬಸ್ಸೇ ಮೇಲು. 2025ರಲ್ಲಿ ಎಷ್ಟು ದೂರ ಹೋದರೂ 1.75 ಪೌಂಡ್. ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ಕೊಡಬೇಕಿಲ್ಲ. ಟ್ಯೂಬಿಗೆ ಊರ ನಡುವೆಯೇ ಸುಮಾರು 3 ಪೌಂಡ್. ಬಸ್ಸಿನಲ್ಲಿ ನಗದು ತಗೊಳ್ಳಲ್ಲ. ಯಂತ್ರಕ್ಕೆ ಮುಟ್ಟಿಸಿ ದುಡ್ಡು ಕೊಡಲು ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇಲ್ಲವೇ ಮೊಬೈಲ್ ಬೇಕು. ಬೆಳಿಗ್ಗೆ ಕಾರ್ಡ್, ಸಂಜೆ ಮೊಬೈಲ್ ಅಂತ ಬದಲಾಯಿಸಬೇಡಿ. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ದುಡ್ಡು ಹಿಡಿಯಲ್ಲ ಅನ್ನೋ ಗರಿಷ್ಠ ಮಿತಿಯ ಲಾಭ ಒಂದೇ ಕಾರ್ಡ್ ಅಥವಾ ಒಂದೇ ಮೊಬೈಲ್ ಬಳಸಿದರೆ ಮಾತ್ರ. ಬಸ್ಸಿನಲ್ಲಿ ಹತ್ತುವಾಗ ಮುಟ್ಟಿಸಿದರೆ ಸಾಕು, ಟ್ಯೂಬಿನಲ್ಲಿ ಹೊರಗೆ ಬರುವಾಗಲೂ ಮುಟ್ಟಿಸಬೇಕು.

ದೂರ ಹೋಗುವುದಿದ್ದರೆ ಮಾತ್ರ ಟ್ಯೂಬೇ ಸರಿ. ಊರ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೊರಟರೆ ಅರ್ಧ ದಿನ ಸುಮ್ನೆ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಟ್ಯೂಬಿನ ಸೆಂಟ್ರಲ್ ಲೈನ್ ಬೇಡ. ಆಳದ ಸುರಂಗ, ಎಸಿ ಇಲ್ಲ, ಸೆಕೆ ತಡೆಯಕ್ಕಾಗಲ್ಲ. ಡಿಸ್ಟ್ರಿಕ್ಟ್, ಸರ್ಕಲ್ ಲೈನುಗಳಲ್ಲಿ ಎಸಿ ಇದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ನೋಡಲು ನಾವು ವಾಕ್ಸ್‌ಹಾಲ್‌ವರೆಗೆ ಟ್ಯೂಬಿನಲ್ಲೇ ಹೋದೆವು. ಅಲ್ಲಿ ಲಿಫ್ಟ್ ಇದೆ. ಆಮೇಲೆ ಥೇಮ್ಸ್ ದಂಡೆಯಲ್ಲಿ ನಿಧಾನಕ್ಕೆ ನಡೆದರಾಯಿತು.

ಹೀಥ್ರೂ ಏರ್‌ಪೋರ್ಟಿನಿಂದ ಬರಲು 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲು ಹಿಡಿಯಿರಿ. ಟ್ಯೂಬಿನ ಪಿಕಡಿಲಿ ಲೈನ್ ಅದರ ಅರ್ಧ ದುಡ್ಡಿಗಿಂತ ಕಮ್ಮಿ, ಆದರೆ ಬೋಗಿ ಇಕ್ಕಟ್ಟು. ಎರಡೆರಡು ಸೂಟ್‌ಕೇಸ್ ಇದ್ದವರಿಗೆ ಅದು ಆಗಿಬರಲ್ಲ.