ಆಗುಂಬೆಯೋ, ಬಿಳಿಗಿರಿರಂಗನ ಬೆಟ್ಟವೋ?

ತುಮಕೂರಿನಿಂದ ಎರಡು ದಿನ ಕಾಡಿಗೆ ಹೋಗಬೇಕು, ನಮ್ಮ ದುಡ್ಡು ಕಾಡಿನ ಜನರಿಗೂ ಸೇರಬೇಕು ಅನ್ನುವವರಿಗೆ ಈ ಎರಡು ಜಾಗ.

ನಿಜವಾದ ಮಳೆಕಾಡು ಬೇಕಾದರೆ ಆಗುಂಬೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ, ಅಂದರೆ ನಮ್ಮ ಜಿಲ್ಲೆಯ ಹತ್ತು ಪಟ್ಟು. ಕಾಳಿಂಗ ಸರ್ಪದ ನಾಡು. ಶಿವಮೊಗ್ಗದವರೆಗೆ ರೈಲಿದೆ. ರೆಸಾರ್ಟ್ ಬಿಟ್ಟು ಊರಿನವರ ಮನೆಯಲ್ಲೇ ಉಳಿಯಿರಿ.

ಬಿಳಿಗಿರಿಯದು ಬೇರೆಯೇ ಕತೆ. ಕುಣಿಗಲ್, ಮದ್ದೂರು, ಕೊಳ್ಳೇಗಾಲದ ದಾರಿ. ಇಲ್ಲಿ ಎಲೆ ಉದುರುವ ಕಾಡೇ ಜಾಸ್ತಿ, ಎತ್ತರದಲ್ಲಿ ಮಾತ್ರ ಶೋಲಾ, ಅಂದರೆ ಹುಲ್ಲುಗಾವಲಿನ ನಡುವಿನ ಗಿಡ್ಡ ನಿತ್ಯಹಸಿರು ಕಾಡು. ಆದರೆ ಇದು ಸೋಲಿಗ ಬುಡಕಟ್ಟಿನವರ ಮನೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಒಟ್ಟಾಗಿ ಬಳಸುವ, ಕಾಯುವ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ ಅವರ ಬದುಕು. ಪುಟ್ಟ ತೋಟಗಳಲ್ಲಿ ಕಾಫಿಯನ್ನೂ ಬೆಳೆಯುತ್ತಾರೆ. ಅವರಿಂದಲೇ ನೇರವಾಗಿ ಕೊಳ್ಳಿ, ಚೌಕಾಸಿ ಬೇಡ. ದೊಡ್ಡ ಸಂಪಿಗೆ ಮರ ಅವರಿಗೆ ದೇವರು; ಅಲ್ಲಿ ಸುಮ್ನೆ ಸೆಲ್ಫಿಗೆ ನುಗ್ಗಬಾರದು ಅಲ್ವಾ? ಅವರ ಹಾಡಿಗಳಾದ ಪೋಡುಗಳಿಗೆ ಕರೆಯದೆ ಹೋಗಬೇಡಿ.

ಮೊದಲ ಸಲ ಹೊರಟವರಿಗೆ ನಾನು ಬಿಳಿಗಿರಿಯನ್ನೇ ಹೇಳುತ್ತೇನೆ. ಬುಕ್ ಮಾಡುವ ಮುಂಚೆ ಒಂದೇ ಮಾತು ಕೇಳಿ: ಇಲ್ಲಿ ದಾರಿ ತೋರಿಸುವವರು ಸೋಲಿಗರೇನಾ, ಅವರಿಗೆ ಎಷ್ಟು ಕೂಲಿ ಕೊಡುತ್ತೀರಿ?